ಒಳ್ಳೆಯ ಪೇಷಂಟು

ನನ್ನ ಬಲಪಕ್ಕೆಯ ಕೆಳಗೆ ಗೇಣುದ್ದದ ಒಂದು ಗಾಯದ ಗುರುತಿದೆ. ಈಗಿನ ಡಾಕ್ಟರುಗಳು ಅದನ್ನು ನೋಡಿದರೆ ಹುಬ್ಬೇರಿಸುತ್ತಾರೆ. ಪಿತ್ತಕೋಶದ ಕಲ್ಲಿಗೆ ಇಷ್ಟು ದೊಡ್ಡದಾಗಿ ಈಗ ಯಾರೂ ಕೊಯ್ಯುವುದಿಲ್ಲವಂತೆ. ಹೊಟ್ಟೆಗೆ ಮೂರು ನಾಲ್ಕು ಸಣ್ಣ ತೂತು ಮಾಡಿ, ಕಲ್ಲು ತೆಗೆದು, ಒಂದೆರಡು ದಿನಕ್ಕೆ ಮನೆಗೆ ಕಳಿಸಿಬಿಡುತ್ತಾರೆ. ನನ್ನದು ತೊಂಬತ್ತರ ದಶಕದ ಕೊನೆಯ ಮಾತು. ಆಗಲೂ ದೊಡ್ಡ ಆಸ್ಪತ್ರೆಗಳಲ್ಲಿ ತೂತಿನ ಆಪರೇಷನ್ ಇತ್ತು, ನನ್ನ ಪಾಲಿಗೆ ಬಂದದ್ದು ಕತ್ತಿಯೇ.

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಯಾವುದೋ ಆಪರೇಷನ್ನಿಗೆ ಹೊರಟಿದ್ದಳು. "ಆಂಟಿ, ತುಂಬ ನೋಯತ್ತಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಅವಳ ತಾಯಿ, "ಏನೂ ಆಗಲ್ಲ ಸುಮ್ನಿರೇ, ಅದೇನ್ ಮಹಾ" ಎಂದುಬಿಟ್ಟರು. ನನಗೆ ಸಿಟ್ಟು ಬಂತು. ನೋಯುತ್ತದೆ ಮಗು, ಚೆನ್ನಾಗಿಯೇ ನೋಯುತ್ತದೆ. ಅಷ್ಟು ಹೇಳಲಿಕ್ಕೆ ಅಂದು ಬಿಡುವು ಸಿಗಲಿಲ್ಲವಾದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗ ನಾನು ಬಿಟಿಎಂ ಲೇಔಟಿನಲ್ಲಿ ಮಹಡಿಯ ಮೇಲಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದೆ. ಊರು ಗದಗ. ಜಯನಗರದ ಆಡಿಟರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಆಫೀಸಿನಲ್ಲಿ ಬಾಯಿ ತೆರೆದಾಗಲೆಲ್ಲ "ಹುಬ್ಳಿ ಕಡೆಯವರಾ?" ಎಂದು ನಗುತ್ತಿದ್ದರಿಂದ ನಾಲಿಗೆಯನ್ನು ತಿದ್ದಿಕೊಂಡು 'ಬರ್ತೀನಿ, ಮಾಡ್ತೀನಿ' ಎನ್ನುವುದನ್ನು ಕಲಿತಿದ್ದೆ. ಹೊಟ್ಟೆ ಮೇಲ್ಭಾಗದಲ್ಲಿ ಆಗಾಗ ಹಿಡಿಯುತ್ತಿದ್ದ ನೋವನ್ನು ಗ್ಯಾಸು ಎಂದುಕೊಂಡು ಜೀರಿಗೆ ಅಗಿಯುತ್ತ ಕಾಲ ತಳ್ಳಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅದು ಬೆನ್ನಿನವರೆಗೂ ಹಿಡಿದುಕೊಂಡಿತು. ಕೆಳಗಿನ ಮನೆಯ ಓನರ್ ಆಂಟಿ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಜಯನಗರದ ಕಡೆಯ ಒಂದು ಧರ್ಮಾಸ್ಪತ್ರೆಗೆ ತಂದರು. ಪಿತ್ತಕೋಶದಲ್ಲಿ ಕೀವಾಗಿದೆ, ಇವತ್ತೇ ತೆಗೆಯಬೇಕು ಎಂದರು ಡಾಕ್ಟರು.

"ಪೇಷಂಟ್ ಕಡೆಯವರು ಯಾರು?" ಎಂದು ಒಬ್ಬರು ಕಾಗದ ಹಿಡಿದುಕೊಂಡು ಬಂದರು.

"ನಾನೇ, ಮನೆ ಓನರ್ರು" ಎಂದರು ಆಂಟಿ.

"ಓನರ್ ಅಂತ ಬರೆಯಕ್ಕಾಗಲ್ಲ ಮೇಡಂ. ಸಂಬಂಧ ಹೇಳಿ."

ಆಂಟಿ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಚಿಕ್ಕಮ್ಮ ಅಂತ ಬರ್ಕೊಳಿ" ಎಂದು ರುಜು ಹಾಕಿದರು. ಆಮೇಲೆ ಎದುರಿನ ಎಸ್‌ಟಿಡಿ ಬೂತಿನಿಂದ ಗದಗದ ನಮ್ಮಣ್ಣ ಈರಣ್ಣನಿಗೆ ಫೋನು ಮಾಡಿ ಬಂದರು. ಅಣ್ಣನ ಹೆಂಡತಿಗೆ ಹಿಂದಿನ ದಿನವಷ್ಟೇ ಹೆರಿಗೆಯಾಗಿತ್ತು. ಕೂಸಿಗೆ ಉಸಿರಾಟದ ತೊಂದರೆಯಂತೆ. ಅವ್ವ ಅಲ್ಲಿನ ಆಸ್ಪತ್ರೆಯಲ್ಲಿ ಅವರ ಜೊತೆ. ಕೂಸು ಒಂದು ಹದಕ್ಕೆ ಬಂದ ಕೂಡಲೇ ಹೊರಡುತ್ತೇನೆ ಎಂದಿದ್ದನಂತೆ. ಆಂಟಿಗೂ ಮನೆಯಲ್ಲಿ ಹಾಸಿಗೆ ಹಿಡಿದ ಮಾವ ಇದ್ದರು. ಅವರು ಎಷ್ಟು ಹೊತ್ತು ಕೂರಲಿಕ್ಕಾಗುತ್ತದೆ?

ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್ ನನ್ನ ಬಳೆ, ಓಲೆ ಎಲ್ಲ ಬಿಚ್ಚಿಸಿದರು. ಕೊನೆಗೆ ಕೊರಳಲ್ಲಿದ್ದ ಇಷ್ಟಲಿಂಗಕ್ಕೆ ಬಂತು. ಹುಟ್ಟಿದಾಗ ಕಟ್ಟಿದ್ದು, ಮೈಯಿಂದ ದೂರ ಮಾಡಿದವಳಲ್ಲ. "ಕಡೆಯವರ ಹತ್ರ ಕೊಟ್ಟುಬಿಡಿ" ಎಂದರು. ಕಾರಿಡಾರಿನಲ್ಲಿ ನೋಡಿದೆ. ಆಂಟಿ ಔಷಧಿ ತರಲು ಹೋಗಿದ್ದರು. ಬೆಂಚಿನ ಮೇಲೆ ಯಾರ ಯಾರದೋ ಮನೆಯವರು ಕೂತಿದ್ದರು, ನನ್ನವರು ಯಾರೂ ಇರಲಿಲ್ಲ. ನೋವಿಗೆ ಬಾರದ ಅಳು ಆಗ ಬಂತು. ಸಿಸ್ಟರಿಗೆ ಏನು ಅರ್ಥವಾಯಿತೋ, ಲಿಂಗವನ್ನು ದಾರದ ಸಮೇತ ನನ್ನ ಎಡ ಮಣಿಕಟ್ಟಿಗಿಟ್ಟು ಬ್ಯಾಂಡೇಜು ಬಟ್ಟೆ ಸುತ್ತಿ ಕಟ್ಟಿದರು. "ನಿಮ್ ಹತ್ರಾನೇ ಇರತ್ತೆ, ಸರೀನಾ?" ಎಂದರು. ಆ ಸಿಸ್ಟರನ್ನು ಮತ್ತೆ ನೋಡಲಿಲ್ಲ. ನೆನೆದಾಗ ಇವತ್ತೂ ಕೈ ಮುಗಿಯುತ್ತೇನೆ.

ಎಚ್ಚರವಾದಾಗ ಮೊದಲು ಗೊತ್ತಾದದ್ದು ಮಣಿಕಟ್ಟಿನ ಮೇಲಿನ ಆ ಉಬ್ಬು. ಎರಡನೆಯದು ನೋವು. ಹೇಗಿತ್ತೆಂದರೆ, ಉಸಿರು ಎಂಬುದು ತಾನಾಗಿ ನಡೆಯುವ ಕೆಲಸ ಎಂದುಕೊಂಡಿದ್ದೆನಲ್ಲ, ಅದು ಸುಳ್ಳಾಗಿತ್ತು. ಪ್ರತಿಯೊಂದು ಉಸಿರನ್ನೂ ಇಷ್ಟು ಎಳೆಯಲೋ, ಇನ್ನೂ ಸ್ವಲ್ಪ ಎಳೆಯಲೋ ಎಂದು ಚೌಕಾಸಿ ಮಾಡಿ ಎಳೆದುಕೊಳ್ಳಬೇಕಾಗಿತ್ತು. ಸ್ವಲ್ಪ ಹೆಚ್ಚಾದರೆ ಹೊಲಿಗೆ ಇದ್ದ ಜಾಗದಲ್ಲಿ ಯಾರೋ ಕೈ ಹಾಕಿ ತಿರುವಿದಂತಾಗುತ್ತಿತ್ತು.

ಹೆಂಗಸರ ಜನರಲ್ ವಾರ್ಡು ಅದು. ಉದ್ದನೆಯ ಹಾಲು, ಎರಡೂ ಕಡೆ ಮಂಚಗಳು, ಅಷ್ಟಕ್ಕೂ ಒಬ್ಬರೇ ಸಿಸ್ಟರ್. ಅಲ್ಲಿನ ರೀತಿ ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನೋವಿನ ಇಂಜೆಕ್ಷನ್ನನ್ನು ಡಾಕ್ಟರು ಎಲ್ಲರಿಗೂ ಬರೆದಿರುತ್ತಿದ್ದರು. ಆದರೆ ಅದು ಕೇಳಿದರೆ ಮಾತ್ರ ಕೊಡುವ ಔಷಧಿ. ಕೇಳುವುದು ಪೇಷಂಟಿನ ಕೆಲಸವಲ್ಲ, ಪೇಷಂಟ್ ಕಡೆಯವರದು. ಮಗಳೋ ಅತ್ತೆಯೋ ಗಂಡನೋ ವಾರ್ಡಿನ ತುದಿಯ ಮೇಜಿನವರೆಗೆ ನಡೆದು, "ಸಿಸ್ಟರ್, ನಮ್ಮೋರು ತುಂಬ ನರಳ್ತಾ ಇದಾರೆ" ಎನ್ನಬೇಕು. ಒಮ್ಮೆಗೆ ಬರುವುದಿಲ್ಲ, ಎರಡು ಸಲ ಹೋಗಬೇಕು. ಸಿಸ್ಟರ್ ಕೆಟ್ಟವರೇನಲ್ಲ. ಒಂದು ಕೈಯಲ್ಲಿ ಡ್ರಿಪ್ಪು, ಇನ್ನೊಂದು ಕೈಯಲ್ಲಿ ಬೆಡ್‌ಪ್ಯಾನು. ಕರೆದವರ ಕಡೆಗೆ ಹೋಗುವುದರಲ್ಲೇ ಅವರ ದಿನ ಮುಗಿಯುತ್ತಿತ್ತು. ಕರೆಯುವವರಿಲ್ಲದ ಮಂಚ ಅವರ ಕಣ್ಣಿಗೆ ಬೀಳುವುದಾದರೂ ಹೇಗೆ?

ನನ್ನ ಪಕ್ಕದ ಮಂಚದಲ್ಲಿ ಉತ್ತರಹಳ್ಳಿಯ ಲಕ್ಷ್ಮಮ್ಮ ಎಂಬುವವರಿದ್ದರು. ಗರ್ಭಕೋಶ ತೆಗೆಸಿಕೊಂಡವರು. ಜೊತೆಗೆ ಅವರ ನಾದಿನಿ ಇರುತ್ತಿದ್ದಳು. ಲಕ್ಷ್ಮಮ್ಮನ ನರಳಾಟ ಎಂದರೆ ಅದು ಇಡೀ ವಾರ್ಡಿನ ಆಸ್ತಿ. "ಅಯ್ಯಯ್ಯೋ ಸತ್ತೆ ಕಣ್ರಪ್ಪೋ, ಯಾರಾದ್ರೂ ನೋಡ್ರಪ್ಪೋ!" ನಾದಿನಿ ಮೇಜಿಗೆ ಓಡುವಳು. ಸಿಸ್ಟರ್ ಗೊಣಗುತ್ತ ಬಂದು ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿ, ಹೋಗುವಾಗ ನನ್ನ ಕಡೆ ಕೈ ತೋರಿಸುವರು. "ಇವ್ರನ್ನ ನೋಡಿ ಕಲ್ತ್ಕೊಳಿ ಲಕ್ಷ್ಮಮ್ಮ. ನಿಮಗಿಂತ ದೊಡ್ಡ ಆಪರೇಷನ್ನು. ಒಂದ್ ಸದ್ದಿದೆಯಾ? ಎಷ್ಟ್ ಒಳ್ಳೆ ಪೇಷಂಟು!"

"ಅವ್ರ್ ಹೊಟ್ಟೇಲಿ ಕಲ್ಲೇ ಇತ್ತಂತಲ್ಲ, ಗಟ್ಟಿ ಇರ್ದೆ ಏನು" ಎನ್ನುವರು ಲಕ್ಷ್ಮಮ್ಮ.

ವಾರ್ಡೆಲ್ಲ ನಗುತ್ತಿತ್ತು. ನಗು ಬಂದರೆ ಹೊಲಿಗೆ ಎಳೆಯುತ್ತದೆಂದು ನಾನು ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಅದನ್ನೂ ಜನ ನನ್ನ ಗಾಂಭೀರ್ಯದ ಲೆಕ್ಕಕ್ಕೆ ಸೇರಿಸಿಬಿಟ್ಟರು.

ಹೊಗಳಿಕೆ ಎಂಥ ಬೇಡಿ ಎಂದು ಅಲ್ಲಿ ತಿಳಿಯಿತು. ಮೊದಲ ದಿನ ನಾನು ಸುಮ್ಮನಿದ್ದದ್ದು ಕೂಗಲು ಉಸಿರು ಸಾಲದೆ. ಎರಡನೆಯ ದಿನ ಸುಮ್ಮನಿದ್ದದ್ದು ಒಳ್ಳೆಯ ಪೇಷಂಟು ಎನಿಸಿಕೊಂಡ ಮೇಲೆ ಕೂಗುವುದು ಹೇಗೆಂದು ತಿಳಿಯದೆ. ಇದಕ್ಕೆ ನಮ್ಮ ಮನೆತನದ ಕಥೆಯೂ ಸೇರಿಕೊಂಡಿತ್ತು. ನಮ್ಮಪ್ಪ ಗದಗದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಒಮ್ಮೆ ಹತ್ತಿಯ ದೊಡ್ಡ ಮೂಟೆ ಕಾಲ ಮೇಲೆ ಬಿದ್ದು ಎಲುಬು ಮುರಿಯಿತು. ಎಲುಬು ಕೂರಿಸುವವನು ನಮ್ಮ ಪಡಸಾಲೆಯಲ್ಲೇ, ಓಣಿಯ ಮಂದಿ ಎಲ್ಲ ನೋಡುತ್ತಿರುವಾಗಲೇ, ಕಾಲೆಳೆದು ಕಟ್ಟಿದ. ಅಪ್ಪ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ನಾನಾಗ ತೀರ ಸಣ್ಣವಳು. ಕಥೆ ಕೇಳಿಯೇ ಬೆಳೆದವಳು. ನನಗೆ ಮುಳ್ಳು ಚುಚ್ಚಿದರೂ, ಲಸಿಕೆ ಹಾಕಿದರೂ, "ನೀ ಯಾರ ಮಗಳು?" ಎಂದು ಕೇಳುತ್ತಿದ್ದರು. ನಾನು ಕಣ್ಣೀರು ನುಂಗುತ್ತಿದ್ದೆ. ಅಪ್ಪ ತೀರಿಕೊಂಡು ವರ್ಷಗಳಾದರೂ ಆ ಪ್ರಶ್ನೆ ಮನೆಯಲ್ಲಿ ಉಳಿದಿತ್ತು.

ನೋವಿಗಿಂತ ಕಷ್ಟದ ಹೊತ್ತೊಂದಿತ್ತು. ಸಂಜೆಯ ವಿಸಿಟಿಂಗ್ ಟೈಮು. ಗಂಟೆ ಬಾರಿಸುತ್ತಲೇ ಸ್ಟೀಲ್ ಕ್ಯಾರಿಯರುಗಳ ಸದ್ದು, ಮೂಸಂಬಿ ಸಿಪ್ಪೆಯ ವಾಸನೆ, ಮಲ್ಲಿಗೆ ಹೂವಿನ ವಾಸನೆ ಒಟ್ಟಿಗೆ ಒಳಗೆ ಬರುತ್ತಿದ್ದವು. ಪ್ರತಿ ಮಂಚದ ಸುತ್ತಲೂ ಒಂದು ಸಂಸಾರ. ಕೂರಲು ಸ್ಟೂಲು ಸಾಲದೆ ನನ್ನ ಮಂಚದ ಪಕ್ಕದ ಸ್ಟೂಲನ್ನು "ಯಾರೂ ಬರಲ್ವಾ ಮೇಡಂ? ತಗೊಳ್ಲಾ?" ಎಂದು ಕೇಳಿ ಎಳೆದುಕೊಂಡು ಹೋಗುತ್ತಿದ್ದರು. ತಗೊಳ್ಳಿ ಎಂದು ಕಣ್ಣಿನಲ್ಲೇ ಹೇಳುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗುತ್ತಿದ್ದೆ. ಪಾಪ ಎನ್ನುವ ದನಿಗಳನ್ನು ಎದುರಿಸುವ ಶಕ್ತಿ ಇರಲಿಲ್ಲ. ಎಡಗೈಯನ್ನು ಎದೆಯ ಮೇಲೆ ತಂದು ಆ ಉಬ್ಬನ್ನು ಗಲ್ಲಕ್ಕೆ ತಾಗಿಸಿಕೊಂಡಿರುತ್ತಿದ್ದೆ. ಅಷ್ಟು ಜನರ ನಡುವೆ ನನ್ನದು ಎನ್ನಬಹುದಾದದ್ದು ಅದೊಂದೇ. ಓನರ್ ಆಂಟಿ ಬರುತ್ತಿದ್ದದ್ದು ಬೆಳಿಗ್ಗೆ, ಅಡಿಗೆ ಮುಗಿಸಿ, ಓಡೋಡಿಕೊಂಡು. ಫ್ಲಾಸ್ಕಿನಲ್ಲಿ ಗಂಜಿ ತರುವರು. ನನಗೆ ಇನ್ನೂ ಬಾಯಿಗೆ ಏನೂ ಕೊಡುವಂತಿರಲಿಲ್ಲ. "ಅಯ್ಯೋ, ಇವತ್ತೂ ಇಲ್ವಾ?" ಎಂದು ಫ್ಲಾಸ್ಕನ್ನು ಹಾಗೇ ವಾಪಸು ತೆಗೆದುಕೊಂಡು ಬಸ್ಸಿಗೆ ಓಡುವರು.

ಎರಡನೆಯ ದಿನ ಡಾಕ್ಟರು ರೌಂಡಿಗೆ ಬಂದಾಗ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಕೆಮ್ತಾ ಇದೀರಾ?"

ಇಲ್ಲವೆಂದು ತಲೆಯಾಡಿಸಿದೆ.

"ಕೆಮ್ಮಬೇಕು ಕಣಮ್ಮ. ಎದೇಲಿ ಕಫ ಕಟ್ತಾ ಇದೆ. ಹೀಗೇ ಬಿಟ್ರೆ ನ್ಯುಮೋನಿಯಾ ಆಗುತ್ತೆ. ಆಪರೇಷನ್ನಲ್ಲಿ ಉಳ್ಕೊಂಡು ಇದಕ್ಕೆ ಹೋಗೋದು ಬೇಡ. ನೋವಿದೆಯಾ?"

ಅವರ ಹಿಂದೆ ಇಬ್ಬರು ಚಿಕ್ಕ ಡಾಕ್ಟರು, ಸಿಸ್ಟರ್, ಆಯಾ, ಅತ್ತ ಕತ್ತು ಚಾಚಿದ ಲಕ್ಷ್ಮಮ್ಮ. ಸಿಸ್ಟರೇ ಹೇಳಿದರು: "ಇಲ್ಲ ಡಾಕ್ಟ್ರೆ, ತುಂಬ ಸಹನೆ ಇವ್ರಿಗೆ." ಡಾಕ್ಟರು ನನ್ನ ಭುಜ ತಟ್ಟಿ ಮುಂದಿನ ಮಂಚಕ್ಕೆ ಹೋದರು.

ಕೆಮ್ಮಲು ನೋಡಿದೆ. ಗಂಟಲಿನವರೆಗೆ ಬಂದದ್ದು ಪಕ್ಕೆಗೆ ಹೆದರಿ ವಾಪಸು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜ್ವರ ಬಂತು. ಉಸಿರಿನಲ್ಲಿ ಗೊರ ಗೊರ ಸದ್ದು ನನಗೇ ಕೇಳಿಸತೊಡಗಿತು. ಆಗ ನಿಜಕ್ಕೂ ಹೆದರಿಕೆಯಾಯಿತು. ಈ ಕೆಮ್ಮೊಂದು ಹೊರಗೆ ಬಾರದಿದ್ದರೆ ನಾನಿಲ್ಲೇ, ಈ ಹಸಿರು ಬಣ್ಣದ ಗೋಡೆಯ ಪಕ್ಕದಲ್ಲೇ ಮುಗಿಯುತ್ತೇನೆ ಎನಿಸಿತು. ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಪಕ್ಕೆ ಎಳೆಯುತ್ತಿತ್ತು.

ಅದನ್ನು ಕಂಡವರು ಲಕ್ಷ್ಮಮ್ಮ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ವಾರ್ಡು ಬಿರಿಯುವ ಹಾಗೆ, "ಸಿಸ್ಟರ್ರೇ! ಬನ್ನಿ ಇಲ್ಲಿ! ಸಾಯ್ತಾ ಅವ್ರೆ!" ಎಂದು ಕೂಗಿದರು.

ಮೇಜಿನಿಂದಲೇ ಉತ್ತರ ಬಂತು. "ಈಗ ತಾನೇ ಕೊಟ್ಟಿದೀನಲ್ಲ ಲಕ್ಷ್ಮಮ್ಮ! ಸಾಯಂಕಾಲದವರೆಗೂ ಇನ್ನಿಲ್ಲ!"

"ನಂಗಲ್ಲ ತಾಯಿ, ಈ ಯಮ್ಮಂಗೆ!"

ಸಿಸ್ಟರ್ ನಂಬದೆಯೇ ಎದ್ದು ಬಂದರು. ನನ್ನ ಮೇಲೆ ಬಗ್ಗಿ, "ಏನ್ ಮೇಡಂ, ನೋವಿದೆಯಾ?" ಎಂದರು. ಬೇಸರದ ದನಿಯಲ್ಲ, ಮೃದುವಾಗಿಯೇ ಕೇಳಿದರು. ಹೌದು ಎನ್ನಲು ಬಾಯಿ ತೆರೆದೆ.

"ಪರವಾಗಿಲ್ಲ ಸಿಸ್ಟರ್" ಎಂದಿತು ಬಾಯಿ.

ಸಿಸ್ಟರ್ ಲಕ್ಷ್ಮಮ್ಮನ ಕಡೆ ಒಂದು ನೋಟ ಎಸೆದು ಹೋದರು. ಲಕ್ಷ್ಮಮ್ಮ ನನ್ನನ್ನು ನೋಡಿ, "ಥೂ ನಿನ್ನ, ಒಳ್ಳೇ ಪೇಷಂಟಂತೆ" ಎಂದು ಆ ಕಡೆ ಹೊರಳಿಕೊಂಡರು. ನನಗೆ ಉಳಿದದ್ದು ಒಂದೇ ಆಸೆ. ಅಣ್ಣ ಬರುತ್ತಾನೆ. ಅವನು ಮೇಜಿನವರೆಗೆ ನಡೆದು ಹೋಗಿ ಕೇಳುತ್ತಾನೆ. ಕೇಳಲಿಕ್ಕೇ ತಾನೇ ಮನುಷ್ಯನಿಗೆ ಮನೆಯವರು ಎಂದಿರುವುದು.

ಮಾರನೆಯ ಬೆಳಿಗ್ಗೆ ಡಾಕ್ಟರು ಮತ್ತೆ ಎದೆ ಕೇಳಿದರು, ಜ್ವರ ನೋಡಿದರು, ಮುಖ ಗಂಟು ಹಾಕಿದರು. "ಇವರಿಗೆ ಒಂದ್ ಇಂಜೆಕ್ಷನ್ ಕೊಟ್ಟು, ಕೂರಿಸಿ ಕೆಮ್ಮಿಸಿ" ಎಂದು ಸಿಸ್ಟರಿಗೆ ಹೇಳಿ ಹೋದರು. ಸಿಸ್ಟರ್ ಸಿರಿಂಜಿನ ಟ್ರೇ ಹಿಡಿದು ನನ್ನ ಕಡೆ ಬರುವುದಕ್ಕೂ, ಬಾಗಿಲಲ್ಲಿ ಅಣ್ಣ ಕಾಣಿಸುವುದಕ್ಕೂ ಸರಿಹೋಯಿತು. ರೈಲಿನಲ್ಲಿ ನಿಂತುಕೊಂಡೇ ಬಂದ ಮುಖ, ಗಡ್ಡ, ಹೆಗಲಿಗೆ ರೊಟ್ಟಿ ಬುತ್ತಿಯ ಚೀಲ.

"ಕೂಸು?" ಎಂದೆ.

"ಆರಾಮೈತಿ. ಹಾಲು ಕುಡಿಯಾಕ ಹತ್ತೈತಿ." ನನ್ನ ಹಣೆ ಮುಟ್ಟಿದ. ಟ್ರೇ ನೋಡಿ ಸಿಸ್ಟರಿಗೆ ಕೇಳಿದ: "ಇದೇನ್ರಿ ಇಂಜೆಕ್ಷನ್?"

"ನೋವಿಗೆ. ನೀವು ಪೇಷಂಟ್ ಕಡೆಯವರಾ?"

"ಅಣ್ಣರಿ. ನೋವಿಂದು ಬ್ಯಾಡ್ರಿ ಮೇಡಂ. ಅದು ಚಟಾ ಬೀಳತೈತಿ, ಗಾಯಾನೂ ಲಗೂನ ಮಾಯಂಗಿಲ್ಲಂತ. ನಮ್ಮ ಮನಿ ಮಂದಿಗೆ ತಡಕೊಳ್ಳೂದು ಗೊತ್ತೈತ್ರಿ. ನಮ್ಮಪ್ಪ ಕಾಲ ಮುರದಾಗ ಹಾಂ ಅಂದಿದ್ದಿಲ್ಲ."

"ಗೊತ್ತಾಗತ್ತೆ ಸಾರ್" ಎಂದರು ಸಿಸ್ಟರ್, ನಗುತ್ತ. "ನಿಮ್ ತಂಗೀನೂ ಹಾಗೇ. ಬಂದಾಗಿಂದ ಒಂದ್ ಮಾತಾಡಿಲ್ಲ." ಆ ಕಡೆಯ ಸಾಲಿನಿಂದ ಯಾರೋ ಕರೆದರು. "ಕಡೆಯವರೇ ಬೇಡ ಅಂದ್ರೆ ಆಮೇಲೆ ನೋಡೋಣ" ಎಂದು ಟ್ರೇ ಎತ್ತಿಕೊಂಡು ತಿರುಗಿದರು.

ಅಣ್ಣ ಹೆಮ್ಮೆಯಿಂದ ನನ್ನ ಕಡೆ ನೋಡಿದ. ಅವನು ನನಗಾಗಿ ರಾತ್ರಿಯಿಡೀ ನಿಂತು ಬಂದವನು. ಅವನ ಕಣ್ಣಿನಲ್ಲಿ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಸಂಜೆಯ ಹೊತ್ತು ಸ್ಟೂಲು ಕೊಟ್ಟು ಕಣ್ಣು ಮುಚ್ಚಿ ಮಲಗಿದಾಗ ಕೂಡ ನಾನು ಅಷ್ಟು ಒಂಟಿ ಆಗಿರಲಿಲ್ಲ. ಆಗ ಯಾರೋ ಬರುತ್ತಾರೆಂದಾದರೂ ಇತ್ತು. ಈಗ ಬಂದಾಗಿತ್ತು.

ಸಿಸ್ಟರಿನ ಬಿಳಿ ಬೆನ್ನು ದೂರ ಹೋಗುತ್ತಿತ್ತು.

"ಸಿಸ್ಟರ್!"

ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಕಲಿತ ನಾಲಿಗೆಯೂ ಆಗ ಎಲ್ಲಿ ಹೋಯಿತೋ. "ಹೋಗಬ್ಯಾಡ್ರಿ! ನನಗ ತಡಕೊಳ್ಳಾಕ ಆಗವಲ್ದು! ಬಂದಾಗಿಂದ ಆಗವಲ್ದು! ಯವ್ವಾ, ಕೊಡ್ರೀ ಅದನ್ನ!"

ಕೂಗಿದ ಹೊಡೆತಕ್ಕೆ ಪಕ್ಕೆಯೊಳಗೆ ಬೆಂಕಿ ಬಿದ್ದಿತು. ವಾರ್ಡಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಲಕ್ಷ್ಮಮ್ಮ, "ಸದ್ಯ! ಬಾಯಿ ಐತೆ ಈ ಯಮ್ಮಂಗೆ" ಎಂದರು.

ಅಣ್ಣ ಮೆಲ್ಲಗೆ, "ಗಿರಿಜಾ, ಮಂದಿ ನೋಡಾಕತ್ತಾರ" ಎಂದ.

"ನೋಡವಲ್ರ್ಯಾಕ. ನೋವು ನಂದೈತಿ ಅಣ್ಣಾ."

ಅವನ ಮುಖ ಸಣ್ಣದಾಯಿತು. ಚೀಲವನ್ನು ಮಂಚದ ಕೆಳಗಿಟ್ಟು ಹೊರಗೆ ಹೋದ. ಸಿಸ್ಟರ್ ವಾಪಸು ಬಂದು, ನನ್ನನ್ನು ಸ್ವಲ್ಪ ಹೊರಳಿಸಿ ಇಂಜೆಕ್ಷನ್ ಕೊಟ್ಟರು. ಹೊದಿಕೆ ಸರಿಪಡಿಸುತ್ತ, "ಮೊದ್ಲೇ ಹೇಳ್ಬಾರ್ದಾಗಿತ್ತಾ? ನೀವ್ ಚೆನ್ನಾಗಿದೀರ ಅಂತಾನೇ ಅಂದ್ಕೊಂಡಿದ್ದೆ" ಎಂದರು. ಅವರ ಕಣ್ಣೂ ಒದ್ದೆಯಾಗಿದ್ದಂತೆ ಕಂಡಿತು, ನನ್ನ ಕಣ್ಣೇ ಮಂಜಾಗಿದ್ದಿರಬಹುದು.

ಸ್ವಲ್ಪ ಹೊತ್ತಿಗೆ ನೋವು ಪಕ್ಕದ ಮನೆಯ ಜಗಳದ ಹಾಗಾಯಿತು. ಕೇಳಿಸುತ್ತಿತ್ತು, ಆದರೆ ಗೋಡೆಯ ಆಚೆ. ಎಷ್ಟೋ ಹೊತ್ತಿನ ಮೇಲೆ ಒಂದು ಪೂರಾ ಉಸಿರು ಎಳೆದೆ. ಆ ಉಸಿರಿನ ರುಚಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಕಿಟಕಿಯಾಚೆ ಬಸ್ಸೊಂದು ಬನಶಂಕರಿ, ಬನಶಂಕರಿ ಎಂದು ಕೂಗಿಸಿಕೊಂಡು ಹೋಯಿತು. ಪ್ರಪಂಚ ಇನ್ನೂ ಅಲ್ಲೇ ಇದೆಯಲ್ಲ ಎಂದು ಖುಷಿಯಾಯಿತು.

ಸಿಸ್ಟರ್ ಹೋಗಿ ಅಣ್ಣನನ್ನು ಕರೆತಂದರು. ನನ್ನನ್ನು ಎಬ್ಬಿಸಿ ಕೂರಿಸಿ, ದಿಂಬನ್ನು ಹೊಲಿಗೆಯ ಮೇಲಿಟ್ಟು, ಅವನ ಎರಡೂ ಅಂಗೈಗಳನ್ನು ಅದರ ಮೇಲೆ ಇರಿಸಿದರು. "ಅವ್ರು ಕೆಮ್ಮುವಾಗ ಹೀಗೆ ಗಟ್ಟಿಯಾಗಿ ಒತ್ತಿ ಹಿಡ್ಕೊಳಿ ಸಾರ್. ಕಫ ಬರೋವರೆಗೂ ಬಿಡ್ಬೇಡಿ" ಎಂದು ಹೇಳಿ ಬೇರೆ ಮಂಚಕ್ಕೆ ಹೋದರು.

ಅಣ್ಣ ಒತ್ತಿ ಹಿಡಿದ. ಸೈಕಲ್ ರಿಪೇರಿ ಮಾಡಿ ಮಾಡಿ ಕಪ್ಪಾದ ಬೆರಳುಗಳು. ಕೆಮ್ಮಿದೆ. ನೋಯಿತು, ಆದರೆ ಆಯಿತು. ಸ್ವಲ್ಪ ಕಫ ಬಂತು. ಅವನೇ ಬಟ್ಟೆಯಿಂದ ಬಾಯಿ ಒರೆಸಿದ. ನನ್ನ ಮಣಿಕಟ್ಟಿನ ಬ್ಯಾಂಡೇಜು ಸಡಿಲವಾಗಿದ್ದದ್ದನ್ನು ನೋಡಿ ತುದಿ ಎಳೆದು ಬಿಗಿ ಮಾಡಿದ. ತಲೆ ತಗ್ಗಿಸಿಕೊಂಡೇ ಇದ್ದ.

"ಅಪ್ಪ ಅತ್ತಿದ್ದ" ಎಂದ.

ನನಗೆ ತಿಳಿಯಲಿಲ್ಲ. "ಯಾವಾಗ?"

"ಕಾಲ ಕಟ್ಟಿಸಿಕೊಂಡ ದಿನಾನ. ಓಣಿ ಮಂದಿ ಎಲ್ಲಾ ಹ್ವಾದಮ್ಯಾಲ ಅವ್ವನ್ನೂ ನಿನ್ನೂ ಹೊರಗ ಕಳಿಸಿದ. ಈರ್ಯಾ, ಬಾಗಲಾ ಹಾಕು ಅಂದ. ಹಾಕಿದೆ. ಬಾಯಾಗ ಟವೆಲ್ ತುರಕೊಂಡು ಅತ್ತ. ಬಾಳೊತ್ತು ಅತ್ತ. ಯಾರ ಮುಂದೂ ಹೇಳಬ್ಯಾಡ ಅಂದ. ಹೇಳಲಿಲ್ಲ."

"ಅವ್ವಗ?"

"ಅವ್ವಗೂ ಇಲ್ಲ."

ಅವನಿಗಾಗ ಒಂಬತ್ತೋ ಹತ್ತೋ ವರ್ಷ. ಆ ಬಾಗಿಲ ಹೊರಗೆ ಓಣಿಯೆಲ್ಲ ಅಪ್ಪನನ್ನು ಹೊಗಳುತ್ತಿರುವಾಗ ಇವನು ಒಳಗೆ ಗೋಡೆಗೆ ಒರಗಿ ನಿಂತಿದ್ದಿರಬೇಕು. ಆಮೇಲೆ ಅಷ್ಟೂ ವರ್ಷ ಆ ಕಥೆಯನ್ನು ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ಬಂದವನೂ ಅವನೇ, ಸ್ವಲ್ಪ ಹೊತ್ತಿನ ಹಿಂದೆ ಈ ಸಿಸ್ಟರಿಗೂ ಸೇರಿ. ಅವನ ಕೈಯ ಮೇಲೆ ಕೈಯಿಟ್ಟೆ. ಎದೆಯೊಳಗೆ ಮತ್ತೆ ಗೊರ ಗೊರ ಎಂದಿತು. ಪಕ್ಕದ ಮಂಚದವರು ನೋಡುತ್ತಿದ್ದಾರೆಂದು, ಕೆಮ್ಮನ್ನು ಸಣ್ಣದು ಮಾಡಿ ಗಂಟಲಲ್ಲೇ ಮುಗಿಸಲು ಹೋದೆ.

ಅಣ್ಣ ಎರಡೂ ಕೈಯಿಂದ ದಿಂಬನ್ನು ಒತ್ತಿ ಹಿಡಿದ.

"ಜೋರಾಗಿ ಕೆಮ್ಮು ತಂಗಿ" ಎಂದ. "ಯಾರ್ ಕೇಳಿದ್ರೂ ಕೇಳಲಿ."